ಹ್ಯಾಕ್ ಆದ ಅಕೌಂಟ್ ವಾಪಸ್ ಬರೋದು ಯಾವ ದಾರೀಲಿ? ಸಿಮ್ ಬೈಂಡಿಂಗ್ ಗೊಂದಲದ ಮಧ್ಯೆ ಗೊತ್ತಿರಬೇಕಾದ್ದು

ಸಿಮ್ ಇಲ್ದಿದ್ರೆ ಇನ್ನು ವಾಟ್ಸಾಪ್ ನಡೆಯೋದಿಲ್ಲ ಅಂತ ಒಂದು ಸುದ್ದಿ, ಕಂಪ್ಯೂಟರಲ್ಲಿ ತೆರೆದಿಟ್ಟ ವಾಟ್ಸಾಪ್ ಆರು ಗಂಟೆಗೊಮ್ಮೆ ತಾನಾಗೇ ಲಾಗೌಟ್ ಆಗ್ತದೆ ಅಂತ ಇನ್ನೊಂದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆಪ್ ಎಲ್ಲ ಹೊಸ ಫೋನಲ್ಲೂ ಕಡ್ಡಾಯ ಅಂತ ಒಂದು ದಿನ, ಇಲ್ಲ ಕಡ್ಡಾಯ ಅಲ್ಲ ಅಂತ 2025ರ ಡಿಸೆಂಬರ್ 3ಕ್ಕೆ ಮತ್ತೊಂದು, ಅದರ ಬೆನ್ನಿಗೇ 2026ರ ಜನವರೀಲಿ ಕೇಳದೇ ಇದ್ದ ಎಷ್ಟೋ ಜನಕ್ಕೆ ಇನ್‌ಸ್ಟಾಗ್ರಾಮ್‌ನಿಂದ ಪಾಸ್‌ವರ್ಡ್ ರೀಸೆಟ್ ಮೇಲ್. ಇಷ್ಟೂ ಎರಡು ತಿಂಗಳ ಒಳಗೆ ಬಂದದ್ದು. ಕೊಡಗಿನಂಥ ಜಾಗದಲ್ಲಿ ಹೋಂಸ್ಟೇ ಬುಕಿಂಗು, ಕಾಫಿ ಪುಡಿ ಮಾರಾಟ, ಒಕ್ಕದ (ಮನೆತನದ) ಗ್ರೂಪು, ಸೈನ್ಯದಲ್ಲಿರೋ ಮಗನ ಜೊತೆ ಮಾತು ಎಲ್ಲಾನೂ ಈ ಎರಡು ಮೂರು ಆಪ್ ಮೇಲೇ ನಿಂತಿರೋವಾಗ ಜನಕ್ಕೆ ಗಾಬರಿ ಆಗೋದು ಸಹಜ.

ಗೊಂದಲ ಯಾಕಾಗಿದೆ ಅಂದ್ರೆ, "ಹ್ಯಾಕ್" ಅನ್ನೋ ಒಂದೇ ಮಾತಲ್ಲಿ ನಾವು ನಾಲ್ಕೈದು ಬೇರೆ ಬೇರೆ ಸಂಗತೀನ ತುಂಬಿಸಿಬಿಟ್ಟಿದೀವಿ. ಸರಕಾರದ ಹೊಸ ಆದೇಶ ಅದರಲ್ಲಿ ಒಂದೆರಡು ಬಾಗಿಲನ್ನ ಮುಚ್ತದೆ, ಉಳಿದದ್ದು ಹಾಗೇ ಇರ್ತದೆ. ಯಾವ ಅಕೌಂಟು ಯಾವುದರ ಮೇಲೆ ನಿಂತಿದೆ ಅನ್ನೋದು ಗೊತ್ತಿದ್ರೆ ಕಳ್ಕೊಂಡದ್ದನ್ನ ವಾಪಸ್ ತಗೊಳ್ಳೋ ದಾರಿಯೂ ಗೊತ್ತಾಗ್ತದೆ, ಗೊತ್ತಿಲ್ಲದಿದ್ರೆ ಎಲೆ ಎಲೆಗೂ ಔಷಧಿ ಹೊಡೀತಾ ಕೂರ್ಬೇಕಾಗ್ತದೆ.

ಆದೇಶದಲ್ಲಿ ಇರೋದೇನು

2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ ವಾಟ್ಸಾಪ್, ಟೆಲಿಗ್ರಾಮ್, ಸಿಗ್ನಲ್, ಸ್ನ್ಯಾಪ್‌ಚಾಟ್, ಅರಟ್ಟೈ ಇಂಥ ಮೆಸೇಜಿಂಗ್ ಆಪ್‌ಗಳಿಗೆ ಒಂದು ನಿರ್ದೇಶನ ಕೊಡ್ತು. ಯಾವ ನಂಬರಿಂದ ಅಕೌಂಟ್ ತೆರೆದಿದೆಯೋ ಆ ಸಿಮ್ಮು ಅದೇ ಫೋನಲ್ಲಿ ಚಾಲ್ತಿಯಲ್ಲಿದ್ರೆ ಮಾತ್ರ ಆಪ್ ಕೆಲಸ ಮಾಡ್ಬೇಕು, ಕಂಪ್ಯೂಟರಲ್ಲಿ ತೆರೆದ ವೆಬ್ ವಾಟ್ಸಾಪ್ ಥರದ್ದು ಹೆಚ್ಚಂದ್ರೆ ಆರು ಗಂಟೆಗೊಮ್ಮೆ ಲಾಗೌಟ್ ಆಗಿ ಕ್ಯೂಆರ್ ಕೋಡ್ ಮತ್ತೆ ಸ್ಕ್ಯಾನ್ ಮಾಡಿಸ್ಕೊಳ್ಬೇಕು, ಇದಕ್ಕೆ 90 ದಿನ ಟೈಮು ಅಂತ. ಇದನ್ನೇ ಸಿಮ್ ಬೈಂಡಿಂಗ್ ಅಂತ ಕರೀತಾ ಇರೋದು.

ಇದುವರೆಗೆ ಹೆಂಗಿತ್ತು ಅಂದ್ರೆ, ಆರಂಕಿ ಓಟಿಪಿಯನ್ನ ಒಂದು ಸಲ ಹಾಕಿಬಿಟ್ರೆ ಆಮೇಲೆ ಆ ಸಿಮ್ಮನ್ನ ತೆಗೆದು ಡ್ರಾಯರಿಗೆ ಹಾಕಿದ್ರೂ ವಾಟ್ಸಾಪ್ ವರ್ಷಗಟ್ಟಲೆ ನಡೀತಿತ್ತು. ಅನುಕೂಲ ಏನೋ ಹೌದು, ಆದ್ರೆ ಎಲ್ಲೋ ವಿದೇಶದಲ್ಲಿ ಕೂತು ಭಾರತದ ನಂಬರಿಂದ ಮೋಸ ಮಾಡೋನಿಗೂ ಅದೇ ಅನುಕೂಲ ಇತ್ತು.

ಇಲ್ಲಿ ಒಂದು ವಿಷಯ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಈ ಆದೇಶ ಮೆಸೇಜಿಂಗ್ ಆಪ್‌ಗಳದ್ದು. ಇಮೇಲೋ ಯೂಸರ್‌ನೇಮೋ ಹಾಕಿ ಒಳಗೆ ಹೋಗೋ ನಿಮ್ಮ ಇನ್‌ಸ್ಟಾಗ್ರಾಮ್ ಪೇಜಿಗೆ, ಫೇಸ್‌ಬುಕ್ ಅಕೌಂಟಿಗೆ ಇದರಿಂದ ಯಾವ ಕಾವಲೂ ಬರೋದಿಲ್ಲ.

"ಹ್ಯಾಕ್" ಅಂದ್ರೆ ಹೆಚ್ಚಿನ ಸಲ ಕೀಲಿ ಕೈಬದಲಾದದ್ದು

ಕಂಪನಿಯ ಸರ್ವರ್ ಒಡೆದು ಅಕೌಂಟ್ ಕದಿಯೋದು ಬಹಳ ಅಪರೂಪ. ಜನವರಿಯ ಇನ್‌ಸ್ಟಾಗ್ರಾಮ್ ಮೇಲ್ ವಿಷಯದಲ್ಲೂ ಕಂಪನಿ ಹೇಳಿದ್ದು, ಹೊರಗಿನವರು ಬೇರೆಯವರ ಹೆಸರಲ್ಲಿ ರೀಸೆಟ್ ಮೇಲ್ ಕಳಿಸೋ ಹಂಗೆ ಆಗ್ತಿದ್ದ ಒಂದು ದೋಷವನ್ನ ಸರಿಮಾಡಿದೀವಿ, ಒಳಗೆ ಯಾರೂ ನುಗ್ಗಿಲ್ಲ ಅಂತ. ಅಂಥ ಮೇಲ್ ಬಂದ ಮಾತ್ರಕ್ಕೆ ಅಕೌಂಟ್ ಹೋಗಿರೋದಿಲ್ಲ. ಅದರೊಳಗಿನ ಲಿಂಕ್ ಒತ್ತದೆ, ಆಪನ್ನ ನೀವೇ ತೆರೆದು ಸೆಟ್ಟಿಂಗ್ಸಲ್ಲಿ ಇನ್‌ಸ್ಟಾಗ್ರಾಮ್ ಕಳಿಸಿದ ಮೇಲ್‌ಗಳ ಪಟ್ಟಿ ಇರ್ತದಲ್ಲ, ಅದರಲ್ಲಿ ಈ ಮೇಲ್ ಇದೆಯಾ ನೋಡ್ಬೇಕು.

ನಿಜವಾಗಿ ಅಕೌಂಟ್ ಹೋಗೋದು ಹೇಗೆ ಅಂತ ನೋಡೋಣ. ಮೊದಲನೇದು ಓಟಿಪಿ. "ತಪ್ಪಾಗಿ ನಿಮ್ಮ ನಂಬರಿಗೆ ನನ್ನ ಕೋಡ್ ಬಂದಿದೆ, ಕಳಿಸಿ ಪ್ಲೀಸ್" ಅಂತ ಪರಿಚಯದವರ ನಂಬರಿಂದಲೇ ಮೆಸೇಜ್ ಬರ್ತದೆ, ಯಾಕಂದ್ರೆ ಅವರದ್ದು ಆಗ್ಲೇ ಹೋಗಿರ್ತದೆ. ಕೋಡ್ ಕಳಿಸಿದ ನಿಮಿಷಕ್ಕೆ ನಿಮ್ಮದೂ ಹೋಯ್ತು.

ಎರಡನೇದು ಕಾಲ್ ಫಾರ್ವರ್ಡ್. ಕೊರಿಯರ್ ಹುಡುಗ ಅಂತ ಹೇಳ್ಕೊಂಡು ಸ್ಟಾರ್, ಹ್ಯಾಶ್ ಇರೋ ಒಂದು ಕೋಡನ್ನ ಡಯಲ್ ಮಾಡಿಸ್ತಾರೆ. ಅದು ನಿಮಗೆ ಬರೋ ಕಾಲ್‌ಗಳನ್ನೆಲ್ಲ ಅವರ ನಂಬರಿಗೆ ತಿರುಗಿಸೋ ಕೋಡು. ಆಮೇಲೆ ವಾಟ್ಸಾಪ್‌ಗೆ "ಕೋಡನ್ನ ಕಾಲ್ ಮಾಡಿ ಹೇಳಿ" ಅಂತಾರೆ, ಆ ಕಾಲ್ ಸೀದಾ ಅವರಿಗೇ ಹೋಗ್ತದೆ. ನಟಿ ಪ್ರಿಯಾಂಕಾ ಉಪೇಂದ್ರ ಅವರ ಫೋನಿಗೆ 2025ರ ಸೆಪ್ಟೆಂಬರಲ್ಲಿ ಆದದ್ದೂ ಇದೇ, ಆರ್ಡರ್ ಮಾಡಿದ ಸಾಮಾನಿನ ಹೆಸರಲ್ಲಿ ಇಂಥ ಕೋಡ್ ಒತ್ತಿಸಿದ್ರು, ಕೊನೆಗೆ ಅವರ ಗಂಡ, ನಟ ಉಪೇಂದ್ರ ಅವರೇ ವಿಡಿಯೋ ಮಾಡಿ ನಮ್ಮ ನಂಬರಿಂದ ದುಡ್ಡು ಕೇಳಿದ್ರೆ ಕಳಿಸ್ಬೇಡಿ ಅಂತ ಜನಕ್ಕೆ ಹೇಳ್ಬೇಕಾಯ್ತು.

ಮೂರನೇದು ಲಿಂಕ್ಡ್ ಡಿವೈಸ್, ಅಂದ್ರೆ ನಿಮ್ಮ ವಾಟ್ಸಾಪಿಗೆ ಇನ್ನೊಂದು ಕಂಪ್ಯೂಟರನ್ನೋ ಫೋನನ್ನೋ ಜೋಡಿಸೋದು. "ನಿಮ್ಮ ಫೋಟೋ ಇಲ್ಲಿದೆ ನೋಡಿ" ಅಂತ ಲಿಂಕು, ತೆರೆದ್ರೆ ನಂಬರ್ ಹಾಕಿ ಅಂತದೆ, ಹಾಕಿದ್ರೆ ಎಂಟಕ್ಷರದ ಒಂದು ಕೋಡ್ ತೋರಿಸಿ ಇದನ್ನ ವಾಟ್ಸಾಪಲ್ಲಿ ಹಾಕಿ ಅಂತದೆ. ಹಾಕಿದ ಕೂಡ್ಲೇ ಅವರ ಕಂಪ್ಯೂಟರು ನಿಮ್ಮ ವಾಟ್ಸಾಪಿಗೆ ಸೇರ್ಕೊಳ್ತದೆ. ಇದನ್ನ ಘೋಸ್ಟ್ ಪೇರಿಂಗ್ ಅಂತ ಕರೀತಾರೆ, 2025ರ ಡಿಸೆಂಬರಲ್ಲಿ ಕೇಂದ್ರದ ಸೈಬರ್ ಭದ್ರತೆಯ ಸಂಸ್ಥೆ ಸರ್ಟ್-ಇನ್ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಇದರಲ್ಲಿ ನಿಮ್ಮ ಫೋನಲ್ಲಿ ವಾಟ್ಸಾಪ್ ಎಂದಿನಂತೆ ನಡೀತಾನೇ ಇರ್ತದೆ, ಹಾಗಾಗಿ ಗೊತ್ತೇ ಆಗೋದಿಲ್ಲ.

ನಾಲ್ಕನೇದು ಎಪಿಕೆ ಫೈಲು, ಅಂದ್ರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಆಪ್ ಹಾಕೋ ಫೈಲು. ಮದುವೆ ಸೀಸನಲ್ಲಿ ಆಮಂತ್ರಣ ಪತ್ರಿಕೆ ಅಂತ, ಬೇರೆ ಟೈಮಲ್ಲಿ ಟ್ರಾಫಿಕ್ ಚಲನ್ ಅಂತ, ಪಿಎಂ ಕಿಸಾನ್ ಅಂತ ಬರ್ತದೆ. ಆಮಂತ್ರಣ ಪತ್ರಿಕೆ ಫೋಟೋ ಆಗಿರ್ತದೆ ಇಲ್ಲಾ ಪಿಡಿಎಫ್ ಆಗಿರ್ತದೆ, ಇನ್‌ಸ್ಟಾಲ್ ಮಾಡಿ ಅಂತ ಯಾವ ಮದುವೆ ಮನೆಯವರೂ ಕೇಳೋದಿಲ್ಲ. ಒಂದ್ಸಲ ಇನ್‌ಸ್ಟಾಲ್ ಆದ್ರೆ ನಿಮಗೆ ಬರೋ ಎಸ್ಸೆಮ್ಮೆಸ್ಸನ್ನೆಲ್ಲ ಅದು ಓದ್ತದೆ, ಓಟಿಪಿ ಸೇರಿ.

ಐದನೇದು ನಕಲಿ ಲಾಗಿನ್ ಪೇಜು. ಕಾಪಿರೈಟ್ ಉಲ್ಲಂಘನೆ ಆಗಿದೆ, 24 ಗಂಟೇಲಿ ಪೇಜ್ ಡಿಲೀಟ್ ಮಾಡ್ತೀವಿ, ಇಲ್ಲಿ ಅಪೀಲ್ ಮಾಡಿ ಅಂತ ಇನ್‌ಸ್ಟಾಗ್ರಾಮಲ್ಲಿ ಮೆಸೇಜ್ ಬರ್ತದೆ, ಗಾಬರಿಯಲ್ಲಿ ಪಾಸ್‌ವರ್ಡ್ ಹಾಕ್ತೀವಿ. ಹೋಂಸ್ಟೇ ಪೇಜು, ಸಣ್ಣ ವ್ಯಾಪಾರದ ಪೇಜು ಬೀಳೋದು ಹೆಚ್ಚಾಗಿ ಇದಕ್ಕೇ.

ಆದೇಶದ ಪರ ಒಂದು ವಾದ, ವಿರೋಧ ಒಂದು ವಾದ

ಸರಕಾರ ಹೇಳೋದು ಸರಳ. 2024ರಲ್ಲಿ ಸೈಬರ್ ವಂಚನೆಯಿಂದ ದೇಶದ ಜನ ಕಳ್ಕೊಂಡದ್ದು ₹22,845 ಕೋಟಿ ಅಂತ ಲೋಕಸಭೆಗೇ ಲೆಕ್ಕ ಕೊಟ್ಟಿದಾರೆ, ಅದರ ಹಿಂದಿನ ವರ್ಷಕ್ಕಿಂತ ಮೂರು ಪಟ್ಟು. ಸಿಮ್ಮಿಗೆ ಕೆವೈಸಿ, ಅಂದ್ರೆ ಗುರುತಿನ ದಾಖಲೆಯ ಪರಿಶೀಲನೆ ಇದೆ, ಸಿಮ್ಮಿಗೂ ಆಪ್‌ಗೂ ನಂಟು ಗಟ್ಟಿಯಾದ್ರೆ ಮೋಸ ಮಾಡಿದವನ ಜಾಡು ಸಿಗ್ತದೆ ಅನ್ನೋದು ಅವರ ಮಾತು. ಟೆಲಿಕಾಂ ಕಂಪನಿಗಳ ಸಂಘಟನೆ ಸಿಒಎಐ ಇದಕ್ಕೆ ಬೆಂಬಲ ಕೊಟ್ಟಿದೆ. ಇಂಟರ್ನೆಟ್ ಕಂಪನಿಗಳೂ ಸದಸ್ಯರಾಗಿರೋ ಬ್ರಾಡ್‌ಬ್ಯಾಂಡ್ ಇಂಡಿಯಾ ಫೋರಂ ಮಾತ್ರ ತಕರಾರು ತೆಗೆದಿದೆ, ಸಾಮಾನ್ಯ ಬಳಕೆದಾರರಿಗೆ ತೊಂದರೆ, ಇಲಾಖೆಯ ಅಧಿಕಾರದ ವ್ಯಾಪ್ತಿಯ ಪ್ರಶ್ನೆಯೂ ಇದೆ ಅಂತ. ಮೋಸ ಮಾಡೋರು ಬೇರೆಯವರ ಹೆಸರಲ್ಲಿ ತಗೊಂಡ ಸಿಮ್ಮನ್ನೇ ಬಳಸ್ತಾರಲ್ಲ, ಆಗ ಜಾಡು ಹಿಡಿದು ಹೋದ್ರೆ ಸಿಗೋದು ಯಾರೋ ಬಡಪಾಯಿ ಅನ್ನೋ ಮಾತೂ ಇದೆ.

ಎರಡೂ ಕಡೆ ನಿಜ ಇದೆ. ಆದ್ರೆ ನಮ್ಮ ಪ್ರಶ್ನೆ ಅಕೌಂಟ್ ಕಳ್ಳತನದ್ದು, ಅದಕ್ಕೆ ಈ ಆದೇಶವನ್ನ ಮೇಲಿನ ಐದು ದಾರಿಯ ಪಕ್ಕ ಇಟ್ಟು ನೋಡ್ಬೇಕು. ಓಟಿಪಿ, ಕಾಲ್ ಫಾರ್ವರ್ಡ್ ಎರಡಕ್ಕೂ ಇದು ಚೆನ್ನಾಗೇ ತಡೆ ಹಾಕ್ತದೆ, ಕೋಡ್ ಸಿಕ್ಕಿದ್ರೂ ಕಳ್ಳನ ಫೋನಲ್ಲಿ ನಿಮ್ಮ ಸಿಮ್ ಇರೋದಿಲ್ಲವಲ್ಲ. ಲಿಂಕ್ಡ್ ಡಿವೈಸಿಗೆ ಅರ್ಧ ತಡೆ, ಆರು ಗಂಟೆಗೆ ಹೊರಗೆ ಬೀಳ್ತಾನೆ, ಆದ್ರೆ ಇನ್ನೂರು ಜನಕ್ಕೆ "ಅರ್ಜೆಂಟ್ 20 ಸಾವಿರ ಬೇಕು" ಅಂತ ಕಳಿಸೋಕೆ ಒಂದು ಗಂಟೆ ಸಾಕು. ಎಪಿಕೆಗೆ ಏನೂ ಆಗೋದಿಲ್ಲ, ಯಾಕಂದ್ರೆ ಕಳ್ಳ ಕೂತಿರೋದು ಸಿಮ್ ಇರೋ ಫೋನಿನ ಒಳಗೇ. ನಕಲಿ ಲಾಗಿನ್ ಪೇಜಿಗೂ ಈ ಆದೇಶಕ್ಕೂ ಸಂಬಂಧವೇ ಇಲ್ಲ.

ವಾಟ್ಸಾಪ್ ಹೋದ್ರೆ: ನಂಬರ್ ನಿಮ್ಮದಿದ್ರೆ ಅಕೌಂಟೂ ನಿಮ್ಮದೇ

ವಾಟ್ಸಾಪ್ ನಿಂತಿರೋದು ಮೊಬೈಲ್ ನಂಬರ್ ಮೇಲೆ. ಹಾಗಾಗಿ ಸಿಮ್ ನಿಮ್ಮ ಕೈಲಿದ್ರೆ ಆಪ್ ತೆರೆದು ಅದೇ ನಂಬರ್ ಹಾಕಿ, ಬರೋ ಆರಂಕಿ ಕೋಡ್ ಹಾಕಿದ್ರೆ ಆ ಕಡೆಯವನು ಆ ಕ್ಷಣಕ್ಕೇ ಹೊರಗೆ. ಇದಕ್ಕೆ ಮೊದಲು ##002# ಡಯಲ್ ಮಾಡಿ, ಎಲ್ಲ ಕಾಲ್ ಫಾರ್ವರ್ಡೂ ರದ್ದಾಗ್ತದೆ. ಇದನ್ನ ಮಾಡದೆ ಕೋಡ್ ಕೇಳಿದ್ರೆ ಕಾಲಲ್ಲಿ ಬರೋ ಕೋಡ್ ಮತ್ತೆ ಕಳ್ಳನಿಗೇ ಹೋಗಬಹುದು.

ಇಲ್ಲಿ ಜನ ಹೆದರೋ ಒಂದು ಘಟ್ಟ ಇದೆ. ಕೋಡ್ ಹಾಕಿದ ಮೇಲೆ ಟೂ ಸ್ಟೆಪ್ ವೆರಿಫಿಕೇಶನ್ ಪಿನ್ ಕೇಳ್ತದೆ, ನೀವು ಅದನ್ನ ಇಟ್ಟೇ ಇರೋದಿಲ್ಲ, ಅಂದ್ರೆ ಕಳ್ಳ ಇಟ್ಟಿದಾನೆ. ಆ ಪಿನ್ ಇಲ್ಲದೆ ಒಳಗೆ ಹೋಗ್ಬೇಕಂದ್ರೆ ಏಳು ದಿನ ಕಾಯ್ಬೇಕು. ಅಯ್ಯೋ ಇನ್ನೂ ಏಳು ದಿನ ಅವನು ದುಡ್ಡು ಕೇಳ್ತಾನೆ ಅಂತ ಅಂದ್ಕೋಬೇಡಿ, ಪಿನ್ ಗೊತ್ತಿಲ್ದಿದ್ರೂ ಆರಂಕಿ ಕೋಡ್ ಹಾಕಿದಾಗಲೇ ಅವನು ಲಾಗೌಟ್ ಆಗಿರ್ತಾನೆ. ಕಾಯೋದು ನೀವು ಮಾತ್ರ. ಹಳೇ ಚಾಟುಗಳ ಬಗ್ಗೆಯೂ ಒಂದು ಸಮಾಧಾನ, ಬೇರೆ ಫೋನಲ್ಲಿ ಹೊಸದಾಗಿ ತೆರೆದೋನಿಗೆ ನಿಮ್ಮ ಫೋನಲ್ಲಿದ್ದ ಹಿಂದಿನ ಮಾತುಕತೆ ಸಿಗೋದಿಲ್ಲ, ಗ್ರೂಪುಗಳ ಹೆಸರು, ಅಲ್ಲಿ ಹೊಸದಾಗಿ ಬರೋ ಮೆಸೇಜು ಸಿಗ್ತದೆ. ಲಿಂಕ್ಡ್ ಡಿವೈಸಲ್ಲಿ ಸೇರ್ಕೊಂಡೋನಿಗೆ ಹಿಂದಿನದೂ ಕಾಣ್ಬಹುದು, ಅದೇ ಹೆಚ್ಚು ಅಪಾಯದ್ದು.

ಒಕ್ಕದ ಗ್ರೂಪಲ್ಲಿ ಮೊದಲ ಅನುಮಾನ ಬರೋದು ಭಾಷೆಯಿಂದ. ಯಾವಾಗ್ಲೂ ಕೊಡವ ತಕ್ಕನ್ನ, ಅಂದ್ರೆ ಕೊಡವ ಭಾಷೆಯನ್ನ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋ ಚಿಕ್ಕಮ್ಮ ಇದ್ದಕ್ಕಿದ್ದಂಗೆ ನೀಟಾದ ಇಂಗ್ಲಿಷಲ್ಲಿ ನಾಳೆ ವಾಪಸ್ ಕೊಡ್ತೀನಿ, ಯುಪಿಐ ಲಿಮಿಟ್ ಮುಗಿದಿದೆ ಅಂತ ಬರೆದ್ರೆ ಅದು ಅವರಲ್ಲ. ವಾಟ್ಸಾಪ್ ಕಾಲ್ ಮಾಡಬೇಡಿ, ಮಾಮೂಲಿ ಫೋನ್ ಕಾಲ್ ಮಾಡಿ, ಅಲ್ಲಿ ಸಿಗದಿದ್ರೆ ಮನೆಯ ಇನ್ನೊಬ್ಬರಿಗೆ ಮಾಡಿ.

ಹಳೇ ಸಿಮ್ಮಿನ ಸಮಸ್ಯೆ, ಕೊಡಗಿಗೆ ಹತ್ತಿರದ್ದು

ಇಲ್ಲಿ ಎರಡೆರಡು ಸಿಮ್ ಇಟ್ಕೊಳ್ಳೋದು ನೆಟ್‌ವರ್ಕಿನ ಅನಿವಾರ್ಯ, ಮನೆ ಹತ್ರ ಒಂದು ಸಿಗ್ತದೆ, ಪೇಟೇಲಿ ಇನ್ನೊಂದು. ರೀಚಾರ್ಜ್ ರೇಟ್ ಏರಿದ ಮೇಲೆ ಒಂದನ್ನ ಹಾಗೇ ಬಿಟ್ಟಿರೋರು ತುಂಬಾ ಜನ, ಆದ್ರೆ ವಾಟ್ಸಾಪ್ ಮಾತ್ರ ಆ ಹಳೇ ನಂಬರಲ್ಲೇ ನಡೀತಿರ್ತದೆ. 90 ದಿನ ಬಳಕೆ ಇಲ್ಲದ ಪ್ರೀಪೇಯ್ಡ್ ನಂಬರ್ ರದ್ದಾಗಬಹುದು, ರದ್ದಾಗಿ ಮತ್ತೆ 90 ದಿನ ಆದ್ಮೇಲೆ ಅದೇ ನಂಬರ್ ಬೇರೆ ಯಾರಿಗೋ ಹೋಗಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೇ ವಿಷಯ ಬಂದಿತ್ತು. ಆ ಹೊಸಬರು ವಾಟ್ಸಾಪ್ ಹಾಕಿದ ದಿನ ನಿಮ್ಮದು ಹೋಗ್ತದೆ. ಯಾರೂ ಕದ್ದಿರೋದಿಲ್ಲ, ಆದ್ರೂ ಹೋಗಿರ್ತದೆ, ಮತ್ತೆ ಆ ನಂಬರ್ ನಿಮ್ಮ ಬ್ಯಾಂಕಿಗೋ ಜಿಮೇಲಿಗೋ ಫೇಸ್‌ಬುಕ್ಕಿಗೋ ಜೋಡಿಸಿದ್ರೆ ಅದರ ಓಟಿಪಿಯೂ ಅವರಿಗೇ. ಸಿಮ್ ಬೈಂಡಿಂಗ್ ಪೂರ್ತಿ ಜಾರಿಯಾದ ಕಡೆ ಇಂಥ ಅಕೌಂಟುಗಳು ಮೊದಲು ನಿಲ್ಲೋವು. ವಿದೇಶಕ್ಕೆ ಹೋಗಿ ಅಲ್ಲಿನ ಸಿಮ್ ಹಾಕ್ಕೊಂಡು, ಇಲ್ಲಿನ ಸಿಮ್ ಮನೇಲಿ ಬಿಟ್ಟು ಹೋದ ಮಕ್ಕಳದ್ದೂ ಇದೇ ಕಥೆ. ವಾಟ್ಸಾಪ್ ಒಳಗೇ "ನಂಬರ್ ಬದಲಿಸಿ" ಅನ್ನೋ ಆಯ್ಕೆ ಇದೆ, ಹಳೇ ನಂಬರ್ ಜೀವ ಇರೋವಾಗಲೇ ಅದನ್ನ ಬಳಸಿದ್ರೆ ಗ್ರೂಪು, ಚಾಟು ಎಲ್ಲಾ ಹೊಸ ನಂಬರಿಗೆ ಬರ್ತದೆ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್: ಇಮೇಲೇ ಬೇರು

ಇವೆರಡೂ ಕೊನೆಗೆ ನಿಂತಿರೋದು ಇಮೇಲ್ ಮೇಲೆ. ಇನ್‌ಸ್ಟಾಗ್ರಾಮ್ ಹೋಯ್ತು ಅಂದ ಕೂಡ್ಲೇ ಎಲ್ಲರೂ ಇನ್‌ಸ್ಟಾಗ್ರಾಮಲ್ಲೇ ಒದ್ದಾಡ್ತಾರೆ, ಪಾಸ್‌ವರ್ಡ್ ರೀಸೆಟ್ ಒತ್ತಿ ಒತ್ತಿ ಸುಸ್ತಾಗ್ತಾರೆ. ಜಿಮೇಲ್ ಕಳ್ಳನ ಕೈಲಿದ್ರೆ ಆ ರೀಸೆಟ್ ಲಿಂಕು ಹೋಗೋದು ಅವನಿಗೇ. ಅದಕ್ಕೆ ಮೊದಲು ಜಿಮೇಲ್. ಬೇರೆ ಯಾವುದಾದ್ರೂ ಫೋನಲ್ಲೋ ಕಂಪ್ಯೂಟರಲ್ಲೋ ಅದು ಇನ್ನೂ ತೆರೆದಿದೆಯಾ ನೋಡಿ, ಅಲ್ಲಿಂದ ಪಾಸ್‌ವರ್ಡ್ ಬದಲಿಸಿ. ಕಳ್ಳ ರಿಕವರಿ ನಂಬರನ್ನ ಬದಲಿಸಿಬಿಟ್ಟಿದ್ರೂ ಏಳು ದಿನದವರೆಗೆ ಹಳೇ ರಿಕವರಿ ನಂಬರಿಂದ ಪ್ರಯತ್ನ ಮಾಡೋಕೆ ಗೂಗಲ್ ಅವಕಾಶ ಕೊಡ್ತದೆ, ಹಾಗಾಗಿ ಮೊದಲ ವಾರ ಬಹಳ ಮುಖ್ಯ. ಯಾವಾಗ್ಲೂ ಬಳಸೋ ಫೋನಿಂದ, ಯಾವಾಗ್ಲೂ ಇರೋ ಜಾಗದಿಂದ ಪ್ರಯತ್ನಿಸಿದ್ರೆ ಒಪ್ಪಿಕೊಳ್ಳೋ ಸಾಧ್ಯತೆ ಜಾಸ್ತಿ.

ಜಿಮೇಲ್ ಕೈಗೆ ಬಂದ ಮೇಲೆ ಇನ್‌ಬಾಕ್ಸಲ್ಲಿ "ನಿಮ್ಮ ಇಮೇಲ್ ಬದಲಾಗಿದೆ" ಅಂತ ಇನ್‌ಸ್ಟಾಗ್ರಾಮ್ ಕಳಿಸಿದ ಮೇಲನ್ನ ಹುಡುಕಿ, ಅದರಲ್ಲಿ ಬದಲಾವಣೆಯನ್ನ ವಾಪಸ್ ಮಾಡೋ ಲಿಂಕ್ ಇರ್ತದೆ. ಸಿಗದಿದ್ರೆ ಬ್ರೌಸರಲ್ಲಿ ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್, ಫೇಸ್‌ಬುಕ್ಕಿಗೆ ಫೇಸ್‌ಬುಕ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್ ಅಂತ ಕೈಯಾರೆ ಟೈಪ್ ಮಾಡಿ ಹೋಗ್ಬೇಕು. ಮೊದಲಾದ್ರೆ ನಂಬಿಕಸ್ಥ ಗೆಳೆಯರ ಮೂಲಕ ಅಕೌಂಟ್ ತೆಗೆಯೋ ವ್ಯವಸ್ಥೆ ಫೇಸ್‌ಬುಕ್ಕಲ್ಲಿತ್ತು, ಆಮೇಲೆ ಅದನ್ನ ತೆಗೆದುಹಾಕಿದ್ರು.

ಈಗ ಹೋಂಸ್ಟೇಯವರಿಗೆ ಬಹಳ ಬೇಕಾದ ಒಂದು ವಿಷಯ. ಇನ್‌ಸ್ಟಾಗ್ರಾಮ್ ನೀವೇ ಮಾಲೀಕರು ಅಂತ ಗುರುತಿಸೋ ಒಂದು ದಾರಿ ಅಂದ್ರೆ ವಿಡಿಯೋ ಸೆಲ್ಫಿ, ಮುಖ ಆ ಕಡೆ ಈ ಕಡೆ ತಿರುಗಿಸಿ ವಿಡಿಯೋ ಕಳಿಸಿದ್ರೆ ಅದನ್ನ ಅಕೌಂಟಲ್ಲಿರೋ ಫೋಟೋಗಳ ಜೊತೆ ಹೋಲಿಸಿ ನೋಡ್ತಾರೆ. ಆದ್ರೆ ಹೋಂಸ್ಟೇ ಪೇಜಲ್ಲಿ ಏನಿರ್ತದೆ? ಮಂಜು ಮುಸುಕಿದ ಬೆಟ್ಟ, ಹೂ ಬಿಟ್ಟ ಕಾಫಿ ತೋಟ, ತಿಂಡಿ ತಟ್ಟೆಯಲ್ಲಿ ಕಡುಬು ಪಂದಿ ಕರಿ, ಅತಿಥಿಗಳ ಫೋಟೋ. ಮಾಲೀಕರ ಮುಖ ಒಂದೂ ಇಲ್ಲ, ಹೋಲಿಸೋಕೆ ಏನೂ ಇಲ್ಲ, ದಾರಿ ಅಲ್ಲೇ ಮುಚ್ಚಿತು. ಪೇಜ್ ಸುಂದರವಾಗಿ ಕಾಣ್ಲಿ ಅಂತ ಮಾಡಿದ್ದೇ ಕಷ್ಟಕಾಲದಲ್ಲಿ ಕೈ ಕೊಡ್ತದೆ. ಹಾಗಾಗಿ ಮಾಲೀಕರು ತಮ್ಮ ಮುಖ ಸರಿಯಾಗಿ ಕಾಣೋ ನಾಲ್ಕೈದು ಫೋಟೋನ ಪೇಜಲ್ಲಿ ಹಾಕಿಟ್ಟಿರಬೇಕು. ಫೇಸ್‌ಬುಕ್ ಪೇಜಿಗೆ ಪೂರ್ತಿ ಅಧಿಕಾರ ಇರೋ ಎರಡನೇ ಅಡ್ಮಿನ್ ಒಬ್ಬರು, ಮನೆಯವರೇ ಆದ್ರೆ ಒಳ್ಳೇದು, ಇರಲೇಬೇಕು. ಪೇಜ್ ಮಾಡಿಕೊಟ್ಟ ಹುಡುಗನ ಇಮೇಲಲ್ಲೇ ಪೇಜ್ ಇದ್ರೆ ಅದನ್ನ ಇವತ್ತೇ ನಿಮ್ಮ ಇಮೇಲಿಗೆ ಬದಲಿಸಿ. ಹುಡುಗ ಕೆಟ್ಟೋನು ಅಂತಲ್ಲ, ಅವನ ಇಮೇಲ್ ಹೋದ ದಿನ ನಿಮ್ಮ ಪೇಜೂ ಹೋಗ್ತದೆ ಅಂತ.

ಪೇಜ್ ಹೋದ್ರೆ ಬುಕಿಂಗ್ ಮಾತ್ರ ಹೋಗೋದಲ್ಲ. ಕಳ್ಳ ಅದೇ ಪೇಜಲ್ಲಿ ತನ್ನ ಯುಪಿಐ ಕ್ಯೂಆರ್ ಹಾಕಿ ಅಡ್ವಾನ್ಸ್ ತಗೊಳ್ತಾನೆ, ಶನಿವಾರ ಸಂಜೆ ಬೆಂಗಳೂರಿಂದ ಒಂದು ಸಂಸಾರ ಮಕ್ಕಳು ಮರಿ ಕರ್ಕೊಂಡು ನಿಮ್ಮ ಗೇಟಿನ ಮುಂದೆ ಬಂದು ನಿಲ್ತದೆ, ದುಡ್ಡು ಕೊಟ್ಟ ಸ್ಕ್ರೀನ್‌ಶಾಟ್ ತೋರಿಸ್ತದೆ. ಜಾಹೀರಾತಿಗೆ ಕಾರ್ಡ್ ಜೋಡಿಸಿದ್ರೆ ಅದರಿಂದ ಅವನದ್ದೇ ಜಾಹೀರಾತೂ ಓಡ್ತದೆ. ಅದಕ್ಕೆ ಪೇಜ್ ಹೋದ ಗಂಟೆಯಲ್ಲೇ ವಾಟ್ಸಾಪ್ ಸ್ಟೇಟಸ್, ಗೂಗಲ್ ಮ್ಯಾಪಿನ ನಿಮ್ಮ ಜಾಗ, ಬುಕಿಂಗ್ ಸೈಟು ಎಲ್ಲಾ ಕಡೆ "ಆ ಪೇಜಿಗೆ ದುಡ್ಡು ಹಾಕ್ಬೇಡಿ" ಅಂತ ಹಾಕ್ಬೇಕು, ಕಾರ್ಡನ್ನ ಬ್ಲಾಕ್ ಮಾಡ್ಬೇಕು.

ಬೋರರ್ ಹಿಡಿದ ಗಿಡ

ಅರೇಬಿಕಾ ಬೆಳೆಯೋರಿಗೆ ಬಿಳಿ ಕಾಂಡಕೊರಕ ಗೊತ್ತು. ಹುಳ ಕಾಂಡದ ಒಳಗೆ ಕೊರೀತಾ ಇರ್ತದೆ, ಗಿಡ ಸ್ವಲ್ಪ ಕಾಲ ಹೊರಗಿಂದ ಹಸಿರಾಗೇ ಕಾಣ್ತದೆ, ಹುಡುಕಿ ಕಿತ್ತು ಸುಡದಿದ್ರೆ ಪಕ್ಕದ ಗಿಡಕ್ಕೂ ಹೋಗ್ತದೆ. ವಾಪಸ್ ಬಂದ ಅಕೌಂಟೂ ಹೀಗೇ ಇರಬಹುದು. ಪಾಸ್‌ವರ್ಡ್ ಬದಲಿಸಿದ್ವಿ, ಮುಗೀತು ಅಂತ ಬಿಟ್ರೆ ಎರಡು ವಾರಕ್ಕೆ ಮತ್ತೆ ಹೋಗೋದು ಇದೇ ಕಾರಣಕ್ಕೆ.

ಜಿಮೇಲಲ್ಲಿ ಸೆಟ್ಟಿಂಗ್ಸ್ ಒಳಗೆ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಅಂತ ಇರ್ತದೆ, ಕಂಪ್ಯೂಟರಲ್ಲಿ ತೆರೆದ್ರೆ ಸರಿಯಾಗಿ ಕಾಣ್ತದೆ. ಅಲ್ಲಿ ಕಳ್ಳ ಒಂದು ಫಿಲ್ಟರ್ ಮಾಡಿಟ್ಟಿರ್ತಾನೆ, ಇನ್‌ಸ್ಟಾಗ್ರಾಮಿಂದ ಬರೋ ಮೇಲೆಲ್ಲ ಸೀದಾ ಟ್ರ್ಯಾಶಿಗೆ ಹೋಗೋ ಹಂಗೆ. ನಿಮಗೆ ಎಚ್ಚರಿಕೆ ಮೇಲ್ ಬರ್ತಾ ಇರ್ತದೆ, ಆದ್ರೆ ಕಾಣೋದೇ ಇಲ್ಲ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನ ಸೆಟ್ಟಿಂಗ್ಸಲ್ಲಿರೋ ಅಕೌಂಟ್ಸ್ ಸೆಂಟರಲ್ಲಿ ನಿಮ್ಮದಲ್ಲದ ಅಕೌಂಟ್ ಸೇರಿದೆಯಾ, ಗೊತ್ತಿಲ್ಲದ ಇಮೇಲೋ ನಂಬರೋ ಇದೆಯಾ, ಎಲ್ಲೆಲ್ಲಿ ಲಾಗಿನ್ ಆಗಿದೆ ಅನ್ನೋದನ್ನ ಒಂದೊಂದಾಗಿ ನೋಡಿ ತೆಗೀಬೇಕು. ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಗುರುತಿಲ್ಲದ್ದನ್ನೆಲ್ಲ ಲಾಗೌಟ್ ಮಾಡ್ಬೇಕು. ಎಪಿಕೆ ಹಾಕಿದ್ದ ಫೋನಾದ್ರೆ ಆ ಆಪ್ ತೆಗೆದ್ರೆ ಸಾಲದು, ಬೇಕಾದ ಫೋಟೋ ಉಳಿಸ್ಕೊಂಡು ಫೋನನ್ನ ಪೂರ್ತಿ ರೀಸೆಟ್ ಮಾಡೋದೇ ಸರಿ, ಅಲ್ಲೀವರೆಗೆ ಆ ಫೋನಿಂದ ಯಾವ ಹೊಸ ಪಾಸ್‌ವರ್ಡೂ ಹಾಕಬಾರದು.

ಮಳೆಗಾಲದ ಓಟಿಪಿ

ಟೂ ಫ್ಯಾಕ್ಟರ್, ಅಂದ್ರೆ ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡೂ ಕೇಳೋ ವ್ಯವಸ್ಥೆ, ಆನ್ ಮಾಡಿ ಅಂತ ಎಲ್ಲರೂ ಹೇಳ್ತಾರೆ, ಸರಿಯೇ. ಆದ್ರೆ ಎಸ್ಸೆಮ್ಮೆಸ್ಸಿಗೆ ಬರೋ ಹಂಗೆ ಇಟ್ರೆ ಕೊಡಗಲ್ಲಿ ಬೇರೆ ಕಷ್ಟ. ಜೂನಿಂದ ಆಗಸ್ಟಿನವರೆಗೆ ಮರ ಬಿದ್ದು ಕರೆಂಟ್ ಹೋಗ್ತದೆ, ಕರೆಂಟ್ ಇಲ್ಲದೆ ಟವರಿನ ಬ್ಯಾಟರಿ ಮುಗೀತದೆ, ಭಾಗಮಂಡಲ, ನಾಪೋಕ್ಲು ಕಡೆ ಫೋನ್ ದಿನಗಟ್ಟಲೆ ಸತ್ತಿರ್ತದೆ. ಆಗ ಅಕೌಂಟ್ ಹೋದ್ರೆ ಓಟಿಪಿ ಬರೋದಿಲ್ಲ, ಬರ್ಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದ್ರೆ ಜಾಸ್ತಿ ಸಲ ಆಯ್ತು, ಗಂಟೆಗಟ್ಟಲೆ ಕಾಯಿರಿ ಅಂತ ಆಪೇ ಬಾಗಿಲು ಹಾಕ್ತದೆ. ಫೋನ್ ಕಳೆದು ಡುಪ್ಲಿಕೇಟ್ ಸಿಮ್ ತಗೊಂಡ್ರೂ ಸಿಮ್ ಸ್ವಾಪ್ ಮೋಸ (ನಿಮ್ಮ ನಂಬರಿನ ಡುಪ್ಲಿಕೇಟ್ ಸಿಮ್ಮನ್ನ ಕಳ್ಳ ತಗೊಳ್ಳೋದು) ತಡೆಯೋಕೆ ಅಂತ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇರ್ತದೆ.

ಅದಕ್ಕೆ ಆಥೆಂಟಿಕೇಟರ್ ಆಪ್ ಒಳ್ಳೇದು, 30 ಸೆಕೆಂಡಿಗೊಂದು ಕೋಡ್ ಫೋನಲ್ಲೇ ಹುಟ್ತದೆ, ಎಸ್ಸೆಮ್ಮೆಸ್ ಬೇಡ. ಅದರ ಜೊತೆ ಬ್ಯಾಕಪ್ ಕೋಡ್. ಗೂಗಲ್ ಹತ್ತು ಕೋಡ್ ಕೊಡ್ತದೆ, ಎಂಟೆಂಟು ಅಂಕಿಯದ್ದು, ಒಂದೊಂದೂ ಒಂದೇ ಸಲ ಕೆಲಸ ಮಾಡೋದು. ಅದರ ಸ್ಕ್ರೀನ್‌ಶಾಟನ್ನ ಅದೇ ಫೋನಲ್ಲಿ ಇಟ್ರೆ ಫೋನ್ ಹೋದಾಗ ಅದೂ ಹೋಯ್ತು. ಕಾಗದದಲ್ಲಿ ಬರೆದು ಆರ್‌ಟಿಸಿ, ಜಮ್ಮಾ ಜಮೀನಿನ ಪತ್ರ ಇಡೋ ಪೆಟ್ಟಿಗೆಯಲ್ಲೇ ಇಡಿ, ಮಳೆಗಾಲದ ತೇವಕ್ಕೆ ಶಾಯಿ ಹರಡದ ಹಂಗೆ ಪ್ಲಾಸ್ಟಿಕ್ ಕವರಲ್ಲಿ. ವಾಟ್ಸಾಪಿಗೆ ಟೂ ಸ್ಟೆಪ್ ಪಿನ್ ಜೊತೆ ಒಂದು ಇಮೇಲೂ ಕೊಟ್ಟಿಡಿ, ಪಿನ್ ಮರೆತ್ರೆ ಅದರಿಂದ ಬದಲಿಸಬಹುದು.

ದೂರು ಯಾರು ಕೊಡ್ಬೇಕು, ಎಲ್ಲಿ

ಇಲ್ಲಿ ದೂರು ಎರಡು, ಒಂದಲ್ಲ. ನಿಮ್ಮ ಅಕೌಂಟಿಂದ ಬಂದ ಮೆಸೇಜ್ ನಂಬಿ ಅಣ್ಣ ದುಡ್ಡು ಕಳಿಸಿದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕಾದ್ದು ಅಣ್ಣ, ಯಾಕಂದ್ರೆ ದುಡ್ಡು ಹೋದದ್ದು ಅವರ ಬ್ಯಾಂಕಿಂದ. ಯುಪಿಐಯ 12 ಅಂಕಿಯ ರೆಫರೆನ್ಸ್ ನಂಬರ್ ಕೈಲಿಟ್ಕೊಂಡು ಎಷ್ಟು ಬೇಗ ಮಾಡ್ತಾರೋ ಅಷ್ಟು ಒಳ್ಳೇದು, ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಎಟಿಎಮ್ಮಲ್ಲಿ ಕೈಗೆ ಬರೋ ಮೊದಲು ದಾರೀಲಿ ತಡೆದಿಡೋದೇ 1930ರ ಕೆಲಸ. ಅಕೌಂಟ್ ಕಳ್ಕೊಂಡ ನೀವು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲಲ್ಲೋ ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಯಲ್ಲೋ ಬೇರೆಯೇ ದೂರು ಕೊಡ್ಬೇಕು. ನನ್ನ ದುಡ್ಡು ಹೋಗಿಲ್ಲವಲ್ಲ ಅಂತ ಬಿಡೋರು ಜಾಸ್ತಿ, ಆದ್ರೆ ನಾಳೆ ನಿಮ್ಮ ಹೆಸರಲ್ಲಿ ಮೋಸ ಹೋದೋರು ನಿಮ್ಮ ಮೇಲೇ ದೂರು ಕೊಟ್ರೆ, ಇಂಥ ದಿನ ಇಷ್ಟು ಗಂಟೆಗೆ ಅಕೌಂಟ್ ನನ್ನ ಕೈ ತಪ್ಪಿತ್ತು ಅನ್ನೋದಕ್ಕೆ ಇರೋ ದಾಖಲೆ ಅದೊಂದೇ. 2024ರ ಜುಲೈ 1ರಿಂದ ಬಂದ ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾನೂನಿನ ಪ್ರಕಾರ ಘಟನೆ ಎಲ್ಲಿನದ್ದೇ ಆದ್ರೂ ಯಾವ ಠಾಣೆಯಲ್ಲಿ ಬೇಕಾದ್ರೂ ಝೀರೋ ಎಫ್‌ಐಆರ್ ಆಗಬಹುದು. ಬೇರೆಯವರ ಪಾಸ್‌ವರ್ಡ್, ಗುರುತು ಕದಿಯೋದಕ್ಕೆ ಐಟಿ ಕಾಯ್ದೆಯ 66ಸಿ, ಬೇರೆಯವರಂತೆ ನಟಿಸಿ ಮೋಸ ಮಾಡೋದಕ್ಕೆ 66ಡಿ ಇದೆ, ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಕಂಪನಿ ಉತ್ತರವೇ ಕೊಡದಿದ್ರೆ? ಇದು ಗೊತ್ತಿರೋರು ಬಹಳ ಕಮ್ಮಿ. 2021ರ ಐಟಿ ನಿಯಮದಂತೆ ಇಂಥ ದೊಡ್ಡ ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಭಾರತದಲ್ಲಿ ಒಬ್ಬ ದೂರು ಅಧಿಕಾರಿ ಇರಲೇಬೇಕು, ದೂರು ಸಿಕ್ಕಿದೆ ಅಂತ 24 ಗಂಟೇಲಿ ತಿಳಿಸ್ಬೇಕು. ಅವರ ತೀರ್ಮಾನ ಸರಿ ಇಲ್ಲಾಂದ್ರೆ 2023ರಲ್ಲಿ ಶುರುವಾದ ಕೇಂದ್ರ ಸರಕಾರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ 30 ದಿನದೊಳಗೆ ಆನ್‌ಲೈನಲ್ಲೇ ಮೇಲ್ಮನವಿ ಹಾಕಬಹುದು, ವಕೀಲರು ಬೇಡ. ಆದ್ರೆ ಅದಕ್ಕೆ ಮೊದಲು ಕಂಪನಿಗೆ ದೂರು ಕೊಟ್ಟದ್ದಕ್ಕೆ ಪುರಾವೆ ಬೇಕು, ಹಾಗಾಗಿ ಪ್ರತಿ ಮೇಲು, ಪ್ರತಿ ಟಿಕೆಟ್ ನಂಬರು, ಕಳ್ಳ ಹಾಕಿದ ಪೋಸ್ಟಿನ ಸ್ಕ್ರೀನ್‌ಶಾಟು ದಿನಾಂಕ ಕಾಣೋ ಹಂಗೆ ತೆಗೆದಿಡಿ.

ನನ್ನ ಅಕೌಂಟ್ ಹ್ಯಾಕ್ ಆಗಿದೆ ಅಂತ ಎಲ್ಲಾದ್ರೂ ಬರೆದ ಕೂಡ್ಲೇ "ಇಂಥವರು ನಂದು ಹತ್ತು ನಿಮಿಷಕ್ಕೆ ವಾಪಸ್ ಕೊಡಿಸಿದ್ರು, ಅವರಿಗೆ ಮೆಸೇಜ್ ಮಾಡಿ" ಅಂತ ಸಾಲು ಸಾಲು ಕಾಮೆಂಟ್ ಬರ್ತದೆ. ಅವರಿಗೆ ಎರಡು ಸಾವಿರ ಕಳಿಸಿದ್ರೆ ಇನ್ನೂ ಮೂರು ಕೇಳ್ತಾರೆ, ಆಮೇಲೆ ನಿಮ್ಮ ಜಿಮೇಲಿನ ಕೋಡೂ ಕೇಳ್ತಾರೆ. ಕಂಪನಿಯ ದಾರಿ ಬಿಟ್ಟು ಹೊರಗಿನವರು ಅಕೌಂಟ್ ತೆಗೆಸಿಕೊಡೋ ಯಾವ ಬಾಗಿಲೂ ಇಲ್ಲ.

ಮುಂದೆ ಏನಾಗಬಹುದು

ಓಟಿಪಿ ಕೇಳಿ ವಾಟ್ಸಾಪ್ ಕದಿಯೋದು ಸಿಮ್ ಬೈಂಡಿಂಗಿಂದ ಕಮ್ಮಿ ಆಗೋ ಸಾಧ್ಯತೆ ಇದೆ. ಆದ್ರೆ ಮೋಸದ ದುಡ್ಡಲ್ಲಿ ಬದುಕೋರು ಸುಮ್ಮನೆ ಕೂರೋದಿಲ್ಲ, ತಮ್ಮ ಕೆಲಸ ಇನ್ನೂ ನಡೆಯೋ ಕಡೆಗೆ ಹೋಗ್ತಾರೆ, ಅಂದ್ರೆ ಎಪಿಕೆ ಕಡೆಗೆ, ಇನ್‌ಸ್ಟಾಗ್ರಾಮ್ ಪೇಜಿನ ಕಡೆಗೆ, ಅಲ್ಲೇ ಈ ಆದೇಶದ ಕಾವಲು ಇಲ್ಲದಿರೋದು.

ಇನ್ನೊಂದು ಪರಿಣಾಮದ ಬಗ್ಗೆ ಯಾರೂ ಹೆಚ್ಚು ಮಾತಾಡ್ತಿಲ್ಲ. ಹೋಂಸ್ಟೇಯ ರಿಸೆಪ್ಶನಲ್ಲಿ, ಕಾಫಿ ವ್ಯಾಪಾರಿಯ ಟೇಬಲಲ್ಲಿ, ಝೆರಾಕ್ಸ್ ಅಂಗಡೀಲಿ ದಿನವಿಡೀ ವೆಬ್ ವಾಟ್ಸಾಪ್ ತೆರೆದೇ ಇರ್ತದೆ. ಆರು ಗಂಟೆಗೊಮ್ಮೆ ಲಾಗೌಟ್ ಆದ್ರೆ ದಿನಕ್ಕೆ ಎರಡು ಮೂರು ಸಲ ಕ್ಯೂಆರ್ ಸ್ಕ್ಯಾನ್ ಮಾಡೋದು ಕೈಗೆ ಅಭ್ಯಾಸ ಆಗ್ತದೆ, ಅಭ್ಯಾಸ ಆದ ಕೈ ಯಾವ ಕ್ಯೂಆರ್ ಅಂತ ನೋಡೋದಿಲ್ಲ. ನಕಲಿ ಪೇಜಲ್ಲಿ ಕಳ್ಳನ ಕಂಪ್ಯೂಟರಿನ ಕ್ಯೂಆರ್ ತೋರಿಸಿದ್ರೂ ಸ್ಕ್ಯಾನ್ ಆಗಿಬಿಡ್ತದೆ, ಮತ್ತೆ ಗಿರಾಕಿಗಳ ನಂಬರು, ಆಧಾರ್ ಫೋಟೋ, ಹಿಂದಿನ ಚಾಟು ಎಲ್ಲಾ ಆ ಕಡೆಗೆ. ಅಂಥ ಕಡೆ ವೆಬ್ ವಾಟ್ಸಾಪಿನ ವಿಳಾಸವನ್ನ ಗೂಗಲಲ್ಲಿ ಹುಡುಕಿ ಮೊದಲು ಸಿಕ್ಕ ಲಿಂಕ್ ಒತ್ತೋ ಬದಲು ಬ್ರೌಸರಲ್ಲಿ ಒಂದ್ಸಲ ಬುಕ್‌ಮಾರ್ಕ್ ಮಾಡಿಟ್ಟು ಅದರಿಂದಲೇ ತೆರೀಬೇಕು, ಕೆಲಸಕ್ಕೆ ಬರೋ ಹುಡುಗರಿಗೂ ಅದನ್ನೇ ತೋರಿಸಿಕೊಡ್ಬೇಕು, ಸಂಜೆ ಅಂಗಡಿ ಬಾಗಿಲು ಹಾಕೋ ಮೊದಲು ಫೋನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಅಲ್ಲಿರೋದು ಆ ಟೇಬಲ್ ಮೇಲಿನ ಕಂಪ್ಯೂಟರ್ ಒಂದೇನಾ ಅಂತ ನೋಡಿ ಹೊರಡ್ಬೇಕು.